ಗೌಡರ ಅಪ್ಪನ ರಸ್ತೆ

ಔಷಧಿ ಅಂಗಡಿಯ ಗುರುಶಾಂತಪ್ಪನವರೇ ನಮ್ಮೂರ ಪುರಸಭೆ ಅಧ್ಯಕ್ಷರು. ಒಂದು ದಿನ ಹತ್ತಿ ವ್ಯಾಪಾರಿ ರುದ್ರಗೌಡರು ಬಂದು, "ಸಂತೆ ರಸ್ತೆಗೆ ನಮ್ಮಪ್ಪ ಚನ್ನವೀರಗೌಡರ ಹೆಸರಿಡ್ರಿ. ಇಲ್ಲಾಂದ್ರ ನಿಮ್ಮ ಕುರ್ಚಿ ಉಳಿಯಂಗಿಲ್ಲ" ಅಂದರು.

"ಇಡೋಣ್ರಿ ಗೌಡ್ರ," ಅಂದರು ಗುರುಶಾಂತಪ್ಪ. ಬರೀ ಗುಂಡಿಗಳೇ ಇದ್ದ ಆ ರಸ್ತೆಗೆ ಬೋರ್ಡ್ ಬಂತು. ಆಮೇಲೆ ಗೌಡರನ್ನು ಅಂಗಡಿಗೆ ಚಹಾಕ್ಕೆ ಕರೆದರು.

ಗೌಡರು ಚಹಾ ಕುಡಿಯುತ್ತಿದ್ದಾಗ ಮೊಣಕಾಲು ತರಚಿಕೊಂಡ ಒಬ್ಬ ಬಂದು ಮುಲಾಮು ಕೇಳಿದ.

"ಎಲ್ಲಿ ಬಿದ್ದಿ?" ಅಂದರು ಗುರುಶಾಂತಪ್ಪ.

"ಚನ್ನವೀರಗೌಡರೊಳಗ್ರಿ."

ಹಿಂದೆಯೇ ಒಬ್ಬ ಮುದುಕಿ ಬಂದಳು. "ಆ ಚನ್ನವೀರಗೌಡ ನನ್ನ ಸೊಂಟ ಮುರದಾನ್ರಿ."

ಗೌಡರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮರುದಿನ ಅವರದೇ ಟ್ರ್ಯಾಕ್ಟರುಗಳು ಜಲ್ಲಿ, ಡಾಂಬರು ತಂದವು.

ರಸ್ತೆ ನುಣುಪಾಯಿತು. ಗೌಡರು ಅದರ ಮೇಲೆ ನಿಂತು ಮೀಸೆ ತಿರುವಿದರು. ಪಕ್ಕದಲ್ಲಿದ್ದ ಗುರುಶಾಂತಪ್ಪ ಮೆಲ್ಲಗೆ ಕೇಳಿದರು:

"ನಿಮ್ಮ ಅಜ್ಜಾರ ಹೆಸರೇನ್ರಿ ಗೌಡ್ರ? ಸ್ಟೇಷನ್ ರಸ್ತೆನೂ ಭಾಳ ಕೆಟ್ಟೈತಿ."