ಭಾರಕ್ಕೆ ಕೂತವಳು

"ಅಜ್ಜಾರ, ಹೋದವರ ಮಾತು ನಡೆಸಬೇಕೋ, ಹೋದವರ ಜಾಗ ಉಳಿಸಬೇಕೋ?"

ಮಠದ ಪಡಸಾಲೆಯಲ್ಲಿ ಒಬ್ಬ ನೇಕಾರ ಗುರುಗಳನ್ನು ಹೀಗೆ ಕೇಳಿದ. ಅವನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಇದ್ದಾಗ ಅವಳು ಮಗ್ಗದ ಪಕ್ಕ ಕೂತು, ರಾಟೆ ತಿರುಗಿಸಿ, ಅವನಿಗೆ ನೂಲು ಸುತ್ತಿ ಕೊಡುತ್ತಿದ್ದಳು. ಹೋಗುವ ಮುಂಚೆ, ರಾಟೆಯನ್ನು ಯಾರಿಗಾದರೂ ಕೊಟ್ಟುಬಿಡಿ ಅಂದಿದ್ದಳು. ಅವನು ಕೊಟ್ಟಿರಲಿಲ್ಲ. ಯಾರೂ ಮುಟ್ಟದಂತೆ ಆ ಕೋಣೆಗೆ ಬೀಗ ಹಾಕಿದ್ದ. ಮಗ್ಗವೂ ಒಳಗೇ ನಿಂತಿತ್ತು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

"ಇನ್ನ ಮ್ಯಾಲರ ಆ ಹಲ್ಲು ಸರಿ ಮಾಡಿಸ್ರಿ. ನಾ ಎಷ್ಟ ದಿನಾ ಅಂತ ಭಾರಕ್ಕ ಕುಂದರ್ಲಿ?"

ಒಬ್ಬ ರೈತನಿಗೆ ಅವನ ಹೆಂಡತಿ ಕೊನೆಯದಾಗಿ ಹೇಳಿದ ಮಾತು ಇದು. ಜ್ವರ ಬಂದು ಮಲಗಿದ್ದಳು. ಹೇಳಿ ನಕ್ಕಳು. ರೈತನೂ ನಕ್ಕ. ಬೆಳಗಾಗುವಷ್ಟರಲ್ಲಿ ಅವಳಿರಲಿಲ್ಲ.

ಅವಳು ಹೇಳಿದ್ದು ಮನೆಯ ನೇಗಿಲಿನ ಹಲ್ಲಿನ ಮಾತು.

ರೈತನದು ಕಪ್ಪು ಮಣ್ಣಿನ ಎರೆಹೊಲ. ಟ್ರ್ಯಾಕ್ಟರ್ ಓಡಾಡಿ ಓಡಾಡಿ, ಮೊಳದ ಆಳದಲ್ಲಿ ನೆಲ ಕಲ್ಲಿನಂತೆ ಕೂತುಬಿಟ್ಟಿತ್ತು. ಮಳೆನೀರು ಕೆಳಗೆ ಇಳಿಯುತ್ತಿರಲಿಲ್ಲ. ಮೇಲೆ ನಿಂತು ತೊಗರಿಯ ಬೇರು ಕೊಳೆಯುತ್ತಿತ್ತು. ಆ ಗಟ್ಟಿ ಪದರ ಸೀಳುವುದಕ್ಕೆ ಒಂಟಿ ಹಲ್ಲಿನ ನೇಗಿಲು ಬರುತ್ತದೆ. ಅಂಗಡಿಯಲ್ಲಿ ಅದಕ್ಕೆ ಸಬ್‌ಸಾಯ್ಲರ್ ಅನ್ನುತ್ತಾರೆ. ರೈತ ಕೊಳ್ಳಲಿಲ್ಲ, ತಾನೇ ಮಾಡಿದ. ಗುಜರಿಯಿಂದ ಲಾರಿಯ ಚಾಸಿ ತಂದು ಚೌಕಟ್ಟು ಮಾಡಿದ. ಅಂಗೈ ಅಗಲದ ದಪ್ಪ ಕಬ್ಬಿಣ ಅದಕ್ಕೆ ಕಾಲಾಯಿತು. ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡು ಹಲ್ಲಾಯಿತು. ವೆಲ್ಡಿಂಗ್ ಯಂತ್ರ ಬಾಡಿಗೆಗೆ ತಂದು ಬೆಸುಗೆ ಹಾಕಿದ. ಹೆಂಡತಿ ಎರಡೂ ಕೈಯಲ್ಲಿ ಕಬ್ಬಿಣ ಹಿಡಿದು, ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದಳು. ಹಿಡಿದವಳು ನೋಡುವಂತಿರಲಿಲ್ಲ. ನೋಡುವವನಿಗೆ ಹೊಗೆಯಲ್ಲಿ ಕಾಣಲಿಲ್ಲ. ಹಲ್ಲು ಹೇಗೆ ಕೂತಿತೋ ಹಾಗೇ ಉಳಿಯಿತು.

ಅದರ ಮೂತಿ ಕೆಳಕ್ಕೆ ಬಾಗಬೇಕಿತ್ತು. ಮುಂದಕ್ಕೆ ಚಾಚಿತ್ತು. ಹೊಲಕ್ಕೆ ಇಳಿಸಿದರೆ ನೆಲದೊಳಗೆ ಹೋಗದೆ ಮೇಲೇ ಗೀಚುತ್ತ ಬಂತು. ಟ್ರ್ಯಾಕ್ಟರಿನ ಹೈಡ್ರಾಲಿಕ್ ನೇಗಿಲನ್ನು ಎತ್ತುತ್ತದೆ, ನೆಲಕ್ಕೆ ಒತ್ತುವುದಿಲ್ಲ.

ಹೆಂಡತಿ ಬದುವಿನ ಮೇಲೆ ನಿಂತು ನೋಡಿದಳು.

"ಕಳೆ ತಗ್ಯೂ ಕುರ್ಪಿ ಹೆಂಗ ಹಿಡಿತೀವ್ರಿ? ಮೂತಿ ಕೆಳಗ. ಇದು ಮುಂದ ನೋಡ್ಕೋತ ಹೊಂಟೈತಿ, ಬೀಗರ ಮನಿಗೆ ಹೋಗೂರಂಗ."

"ನಾಳೆ ಕಡಿದು ಕೂಡಿಸ್ತೀನಿ ಬಿಡ," ಅಂದ ರೈತ.

"ಮತ್ತ ಇವತ್ತಿನ ಕೆಲಸ?"

ಎತ್ತುಗಳಿದ್ದ ಕಾಲದಲ್ಲಿ ಮಣ್ಣಿನ ಹೆಂಟೆ ಒಡೆಯಲು ಕೊರಡು ಎಳೆಯುವಾಗ, ಅದರ ಮೇಲೆ ಭಾರಕ್ಕೆ ಅವಳೇ ನಿಲ್ಲುತ್ತಿದ್ದಳು. ಆ ಕೊರಡಿನ ಹಲಗೆ ಮನೆಯ ಹಿಂದೆ ಬಿದ್ದಿತ್ತು. ಅದನ್ನು ತಂದು ಚೌಕಟ್ಟಿನ ನಡುವೆ ಬೋಲ್ಟ್ ಹಾಕಿಸಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏರಿ ಕೂತಳು. ಹಲ್ಲು ಇಳಿಯಿತು. ನೆಲ ಸೀಳಿತು.

ಆ ನಾಳೆ ಬರಲೇ ಇಲ್ಲ. ಬೇಸಿಗೆ ಬಂತೆಂದರೆ ಅವನು ಮುಂದೆ, ಅವಳು ಹಿಂದೆ. ಸಾಲಿನ ಉದ್ದಕ್ಕೂ ಅವಳು ಏನೋ ಹೇಳುತ್ತಿದ್ದಳು. ಎಂಜಿನ್ ಸದ್ದಿನಲ್ಲಿ ಒಂದೂ ಕೇಳುತ್ತಿರಲಿಲ್ಲ. ಸಾಲು ಸೊಟ್ಟಗಾಗಬಾರದಲ್ಲ, ಅವನ ಕಣ್ಣು ಮುಂದೆಯೇ. ತಿರುಗದೆ ಹೂಂ ಅನ್ನುತ್ತಿದ್ದ. ಬುತ್ತಿ ಬಿಚ್ಚಿದಾಗ ಅವಳು ಕೇಳುವಳು:

"ಎಲ್ಲಾದಕ್ಕೂ ಹೂಂ ಅಂದ್ರಿ. ನಾ ಕೇಳಿದ್ದೇನು, ಹೇಳ್ರಿ ನೋಡೂಣು?"

"ಏನೋ ಕೇಳಿದಿ."

"ತವರಿಗೆ ಹೋಗಿ ಅಲ್ಲೇ ಇದ್ದುಬಿಡ್ಲೇನು ಅಂದೆ. ಹೂಂ ಅಂದ್ರಿ!"

ಇಬ್ಬರೂ ನಗುವರು. "ಲಗ್ನ ಆದಾಗಿಂದ ನಿಮ್ಮ ಬೆನ್ನ ನೋಡೂದಾತು. ಮಾರಿ ನೋಡೂದು ಯಾವಾಗೋ," ಅನ್ನುವಳು. ಅವನಿಗೆ ಆ ಮಾತೂ ಹಿತವಾಗಿತ್ತು. ಬೆನ್ನ ಹಿಂದೆ ಅವಳಿದ್ದಾಳೆ ಅನ್ನುವುದೇ ಹಿತವಾಗಿತ್ತು. ಹಲ್ಲು ಸರಿಯಾದರೆ ಅವಳು ಮನೆಯಲ್ಲಿ ಉಳಿಯುತ್ತಾಳೆ. ಅದಕ್ಕೇ ಅವನು ಹಲ್ಲಿನ ಮಾತು ಬಂದಾಗೆಲ್ಲ ನಾಳೆ ಅಂದ.

ಅವಳು ಹೋದ ಮೇಲೆ ಬಂದ ಬೇಸಿಗೆಯಲ್ಲಿ ರೈತ ನೇಗಿಲನ್ನು ಟ್ರ್ಯಾಕ್ಟರಿಗೆ ಕಟ್ಟಿದ. ಹಲಗೆಯ ಧೂಳು ಒರೆಸಿದ. ಅದರ ಮೇಲೆ ಕಲ್ಲು ಹೇರಲು ಕೈ ಬರಲಿಲ್ಲ. ಚೌಕಟ್ಟಿನ ಎಡಕ್ಕೊಂದು, ಬಲಕ್ಕೊಂದು ಕಲ್ಲು ಕಟ್ಟಿದ. ನಡುವಿನ ಹಲಗೆ ಖಾಲಿ ಬಿಟ್ಟ. ಅರ್ಧ ಹೊಲ ಆಗುವಷ್ಟರಲ್ಲಿ ಒಂದು ಕಲ್ಲಿನ ಹಗ್ಗ ಹರಿಯಿತು. ಭಾರವೆಲ್ಲ ಒಂದು ಕಡೆಗೆ ಬಿದ್ದು ನೇಗಿಲಿನ ಕಾಲು ತಿರುಚಿತು. ಬೆಸುಗೆ ಬಿಟ್ಟಿತು.

ವೆಲ್ಡಿಂಗ್ ಅಂಗಡಿಯವನು ನೋಡಿ ನಕ್ಕ.

"ಕಾಕಾ, ನಟ್ಟನಡುವ ಹಲಗಿ ಬಿಟ್ಟು ಎರಡೂ ಕಡೆ ಕಲ್ಲ ಜೋತು ಬಿಟ್ಟೀರಲ್ಲ, ಎಮ್ಮಿಗೆ ಝುಮಕಿ ಹಾಕಿದಂಗ. ಹಲ್ಲಿನ ಮೂತಿ ಕೆಳಗ ಮಾಡ್ತೀನಿ. ಕಲ್ಲೂ ಬ್ಯಾಡ, ಏನೂ ಬ್ಯಾಡ."

"ಹಲ್ಲು ಮುಟ್ಟಬ್ಯಾಡ. ಮೊದಲ ಹೆಂಗಿತ್ತೋ ಹಂಗ ಮಾಡ."

ಅಂಗಡಿಯವನು ಹಾಗೇ ಮಾಡಿಕೊಟ್ಟ. ರೈತ ಮತ್ತೆ ಕಲ್ಲು ಕಟ್ಟಿದ. ಮತ್ತೆ ತಿರುಚಿತು. ಬೆಸುಗೆಯ ಮೇಲೆ ಬೆಸುಗೆ ಬಿದ್ದು ಕಾಲು ಗಂಟುಗಂಟಾಯಿತು. ಉಳಿದರ್ಧ ಹೊಲ ಸೀಳದೆ ಉಳಿಯಿತು. ಮಳೆ ಬಂದಾಗ ಅಲ್ಲಿ ನೀರು ನಿಂತು ತೊಗರಿ ಹಳದಿಯಾಯಿತು. ಹೊಲದ ನೆರೆಯವರು, ಆ ಹಲ್ಲು ಒಂದು ಸರಿ ಮಾಡಿಸೋ ಅಂದರು. ಅವನು ಹೂಂ ಅಂದ.

ಮರುವರ್ಷದ ಬೇಸಿಗೆಗೆ ಮಗಳು ತವರಿಗೆ ಬಂದಳು. ಬುತ್ತಿ ಹೊತ್ತು ಹೊಲಕ್ಕೆ ಬಂದವಳು ಅಪ್ಪ ಕಲ್ಲು ಕಟ್ಟುವುದನ್ನು ನೋಡಿದಳು. ಖಾಲಿ ಹಲಗೆಯನ್ನೂ ನೋಡಿದಳು. ಬುತ್ತಿ ಇಳಿಸಿದಳು.

"ಕಲ್ಲಿಗೆ ಯಾಕ ಕೈಕಾಲ ಬೀಳ್ತಿ ಅಪ್ಪಾ? ನಾ ಇಲ್ಲೇನು?"

ಅವನು ಬಾಯಿ ತೆರೆಯುವ ಮೊದಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏರಿ ಕೂತಳು. ಥೇಟು ಅವ್ವನ ಹಾಗೆ.

ರೈತ ಬೇಡ ಅನ್ನಲಿಲ್ಲ. ಟ್ರ್ಯಾಕ್ಟರ್ ಬಿಟ್ಟ. ಹಲ್ಲು ಇಳಿಯಿತು. ಬೆನ್ನ ಹಿಂದೆ ಒಂದು ಜೀವ ಕೂತಿತ್ತು. ಎಂಜಿನ್ ಸದ್ದಿನಲ್ಲಿ ಅದು ಏನೋ ಹೇಳುತ್ತಿತ್ತು. ಎಲ್ಲ ಮೊದಲಿನ ಹಾಗೇ ಇತ್ತು. ಹೂಂ ಅಂದ. ಅನ್ನುತ್ತಿದ್ದಂತೆ ಕಣ್ಣು ತುಂಬಿಕೊಂಡವು. ತುಂಬಿದ ಕಣ್ಣಿಗೆ ಮುಂದಿನ ಸಾಲು ಕಾಣಲಿಲ್ಲ. ವೇಗ ತಗ್ಗಿಸಿ, ಕಣ್ಣು ಒರೆಸಿಕೊಂಡು, ಅವನು ಮೊದಲ ಸಲ ಹಿಂದೆ ತಿರುಗಿ ನೋಡಿದ.

ಮಗಳ ಮುಖದ ತುಂಬ ಮಣ್ಣು. ಕಣ್ಣು ಮುಚ್ಚಿದ್ದಳು. ಎರಡೂ ಕೈಯಲ್ಲಿ ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ನೆಲ ಬಿರಿದಾಗೊಮ್ಮೆ ಹಲಗೆ ಅವಳನ್ನು ಎತ್ತಿ ಎತ್ತಿ ಕುಕ್ಕುತ್ತಿತ್ತು. ಗಾಲಿ ಎಸೆದ ಹೆಂಟೆ ಎದೆಗೆ ಬಂದು ಬಡಿಯುತ್ತಿತ್ತು. ತುಟಿ ಅಲುಗುತ್ತಿದ್ದವು. ತುಟಿ ನೋಡಿದ ಮೇಲೆ ಮಾತು ತಿಳಿಯಿತು.

"ಸಾವಕಾಶ. ಸಾವಕಾಶ."

ರೈತ ಎಂಜಿನ್ ನಿಲ್ಲಿಸಿದ.

"ಇಳಿಯವ್ವಾ."

"ಯಾಕ? ಅವ್ವ ಇಷ್ಟ ವರ್ಷ ಕುಂತಿಲ್ಲೇನು?"

ರೈತ ಮಗಳ ಕೈ ಹಿಡಿದು ಇಳಿಸಿದ. ಅವಳ ತಲೆಯ ಮೇಲಿನ ಮಣ್ಣು ಕೊಡವಿದ. ಆ ದಿನ ಮತ್ತೆ ಟ್ರ್ಯಾಕ್ಟರ್ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ವೆಲ್ಡಿಂಗ್ ಅಂಗಡಿಯ ಬಾಗಿಲು ತೆರೆಯುವ ಮುಂಚೆಯೇ ಅವನು ನೇಗಿಲು ತಂದು ನಿಂತಿದ್ದ. ಹಲ್ಲು ಕಡಿಸಿದ. ಮೂತಿ ಕೆಳಗೆ ಮಾಡಿಸಿದ. ಅಂಗಡಿಯವನು ಬೆಸುಗೆ ಹಾಕುವಾಗ ತಾನೇ ಎರಡೂ ಕೈಯಲ್ಲಿ ಕಬ್ಬಿಣ ಹಿಡಿದು, ಮುಖ ಆಚೆ ತಿರುಗಿಸಿಕೊಂಡು ನಿಂತ. ಅಲ್ಲಿಂದ ಹೊಲಕ್ಕೆ ಬಂದು ಹಲಗೆಯ ಬೋಲ್ಟ್ ಬಿಚ್ಚಿದ. ಬದುವಿನ ಬೇವಿನ ಗಿಡದ ನೆರಳಿಗೆ ಆ ಎರಡು ಕಲ್ಲು ಉರುಳಿಸಿ, ಅವುಗಳ ಮೇಲೆ ಕೂರಲು ಬರುವಂತೆ ಹಲಗೆ ಇಟ್ಟ.

ನೇಗಿಲು ಯಾರ ಭಾರವೂ ಇಲ್ಲದೆ ನೆಲಕ್ಕೆ ಇಳಿಯಿತು. ಹೊಲದ ತುದಿ ಮುಟ್ಟಿ ಟ್ರ್ಯಾಕ್ಟರ್ ತಿರುಗಿಸಿದ. ತಿರುಗಿಸಿದಾಗ ಬೇವಿನ ಗಿಡ ಎದುರಿಗೆ ಬಂತು. ಹಲಗೆಯ ಕಡೆಗೇ ಮುಖ ಮಾಡಿಕೊಂಡು, ಸಾವಕಾಶ ಬಂದ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅವನು ಮಾತು ನಡೆಸಿದನೋ ಅಜ್ಜಾರ, ಜಾಗ ಉಳಿಸಿದನೋ?" ಅಂದ ನೇಕಾರ. ಅವನ ಕೈ ಸೊಂಟದಲ್ಲಿದ್ದ ಬೀಗದ ಕೈಯನ್ನು ಹಿಡಿದುಕೊಂಡಿತ್ತು.

ಗುರುಗಳು ಆ ಕೈಯನ್ನೇ ನೋಡಿ ಅಂದರು, "ನೀನು ಬೀಗ ಹಾಕಿ ಇಟ್ಟುಕೊಂಡಿರುವುದು ಅವಳ ಜಾಗವನ್ನೋ, ಅವಳ ದುಡಿತವನ್ನೋ?"