ಕರಿಬಂಡೆಯಿಂದ ಅಳೆದವಳು

ಬಿಲದಿಂದ ಹೊರಬಂದಾಗಲೆಲ್ಲ ಮರಿಏಡಿ ಚುಕ್ಕಿ ಕರಿಬಂಡೆಯತ್ತ ನೋಡಿ, ಅದು ಯಾವ ದಿಕ್ಕಿಗೆ, ಎಷ್ಟು ಹೆಜ್ಜೆ ದೂರವೆಂದು ಮನಸ್ಸಿನಲ್ಲೇ ಅಳೆಯುತ್ತಿದ್ದಳು. ಕಡಲತೀರದ ವಿಶ್ವವಿದ್ಯಾಲಯಕ್ಕೆ ಸೇರುವ ದಿನ ಮೆಲ್ಲಗೆ ಬಾಯಿಬಿಟ್ಟಳು: "ಅಮ್ಮಾ, ನಾನು ಭೂಗೋಳ, ನಕ್ಷೆ ಓದ್ತೀನಿ."

"ಮರಳಲ್ಲಿ ಗೀಚಿದ್ದನ್ನ ಅಲೆ ಸಂಜೆಗೇ ಒರೆಸುತ್ತೆ. ನಮ್ಮ ಮನೆತನವೆಲ್ಲ ಬಿಲ ತೋಡೋದನ್ನೇ ಕಲಿತದ್ದು. ನೀನೂ ಸುಮ್ಮನೆ ಅದನ್ನೇ ತಗೋ," ಎಂದಳು ತಾಯಿ.

ಅಷ್ಟರಲ್ಲಿ ಉಬ್ಬರದ ನೀರು ನುಗ್ಗಿತು. ಬಿಲದಲ್ಲಿ ಮಲಗಿದ್ದ ಚಿಕ್ಕವರನ್ನು ಕರೆಯಲೂ ಹೊತ್ತಿರಲಿಲ್ಲ; ಇಬ್ಬರೂ ಕರಿಬಂಡೆ ಹತ್ತಿದರು. ನೀರು ಇಳಿದಾಗ ಬಿಲದ ಬಾಯಿ ಮುಚ್ಚಿಹೋಗಿತ್ತು. ಗುರುತಿಗೆಂದು ಬಾಗಿಲಲ್ಲಿಟ್ಟಿದ್ದ ಚಿಪ್ಪು ಎಲ್ಲೋ ತೇಲಿಹೋಗಿ ಬಿದ್ದಿತ್ತು. ತಾಯಿ ಓಡಿಹೋಗಿ ಆ ಚಿಪ್ಪಿನ ಕೆಳಗೇ ತೋಡಿದಳು. ಬರೀ ಮರಳು.

"ಒಳಗೆ ನಿನ್ನ ತಂಗಿಯರಿದ್ದಾರಲ್ಲೇ!"

ಚುಕ್ಕಿ ಬಂಡೆಯ ಬುಡದಿಂದ ತನ್ನ ಲೆಕ್ಕದಷ್ಟೇ ಅಡ್ಡಡ್ಡ ನಡೆದು ನಿಂತಳು. "ಇಲ್ಲಿ ತೋಡಮ್ಮ."

ತಾಯಿ ತೋಡಿದಳು. ಮರಳು ಕೊಡವಿಕೊಳ್ಳುತ್ತ ತಂಗಿಯರು ಒಬ್ಬೊಬ್ಬರಾಗಿ ಹೊರಬಂದರು.

ಮಧ್ಯಾಹ್ನ ವಿಶ್ವವಿದ್ಯಾಲಯದ ಬಾಗಿಲಲ್ಲಿ ಕೂತಿದ್ದ ಮುದಿ ಆಮೆಯ ಮುಂದೆ ತಾಯಿ ಕೊಂಡಿಗಳನ್ನೆತ್ತಿ ನಿಂತಳು.

"ಇವಳು ನನ್ನ ಮಗಳು. ನಕ್ಷೆಗೇ ಸೇರಿಸಿಕೊಳ್ಳಿ." ಆಮೇಲೆ ತುಸು ದನಿ ತಗ್ಗಿಸಿದಳು: "ಇವಳ ಪಕ್ಕ ನನಗೂ ಒಂದು ಜಾಗ ಕೊಡ್ತೀರಾ, ಸ್ವಾಮಿ?"