ಹಗ್ಗ ದಾಟಿಸಬೇಕಾಗಿದ್ದ ಲಿಪಿಕಾರ

ನನ್ನ ಅಕ್ಷರ ಚೆನ್ನಾಗಿಲ್ಲ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದವಳು ನಾನು. ಕಾಗದಪತ್ರಗಳನ್ನು ಬಿಟ್ಟರೆ ಬೇರೇನನ್ನೂ ಇದುವರೆಗೆ ಬರೆದವಳಲ್ಲ. ಗುರುಗಳು ಹೇಳಿದ ಈ ಕತೆ ಕೇಳಿದ ದಿನದಿಂದ ಮನಸ್ಸನ್ನು ಬಿಟ್ಟು ಹೋಗದ ಕಾರಣ, ತಿಳಿದಷ್ಟು ಮಾತಿನಲ್ಲಿ ಬರೆಯಲು ಕುಳಿತಿದ್ದೇನೆ. ಎಡವಿದಲ್ಲಿ ತಪ್ಪು ನನ್ನದೆಂದು ತಿಳಿಯಬೇಕು.

ಶಾಂಭವಿ ಎಂಬ ಶಿಷ್ಯೆ ಗುರುಗಳನ್ನು ಕೇಳಿದಳು:

"ಗುರುಗಳೇ, ನಾನು ಭೂಮಾಪನ ಕಚೇರಿಯಲ್ಲಿ ಮೇಜಿನ ಮುಂದೆ ಕುಳಿತು ಕಡತ ನೋಡುವವಳು. ಬೆಳಗಿನ ಹೊತ್ತು ಈಜುಕೊಳದಲ್ಲಿ ಅಭ್ಯಾಸ ಮಾಡುತ್ತೇನೆ. ಇನ್ನೆರಡು ತಿಂಗಳಿಗೆ ರಾಜ್ಯಮಟ್ಟದ ಸ್ಪರ್ಧೆಯಿದೆ. ಈಗ ಕಚೇರಿಯ ಕೆಲಸ ನನ್ನ ಬೆಳಗನ್ನೂ ನುಂಗುತ್ತಿದೆ. ವಾರಕ್ಕೆ ಎರಡು ದಿನ ನೀರಿಗೆ ಇಳಿದರೆ ಹೆಚ್ಚು. ಬರುತ್ತೀಯೋ ಬಿಡುತ್ತೀಯೋ ನಾಳೆಯೊಳಗೆ ಹೇಳು ಎಂದು ತರಬೇತಿ ಕೊಡುವವರು ಕೇಳಿದ್ದಾರೆ. ಎರಡರಲ್ಲಿ ಯಾವುದನ್ನು ಬಿಡಲಿ?"

ಗುರುಗಳು ಈ ಕತೆಯನ್ನು ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಲಿಪಿಕಾರನಿದ್ದ. ಒಡೆಯನ ಚಾವಡಿಯಲ್ಲಿ ಕುಳಿತು ಓಲೆಗಳನ್ನು ಬರೆಯುವುದು ಅವನ ಕೆಲಸ. ಆ ಹೊಳೆಗೆ ಸೇತುವೆಯಿರಲಿಲ್ಲ. ಎರಡು ದಡಗಳಿಗೆ ಬಿಗಿದ ದಪ್ಪ ಹಗ್ಗವನ್ನು ಹಿಡಿದುಕೊಂಡೇ ದೋಣಿ ಸಾಗಬೇಕು. ಪ್ರತಿ ಮಳೆಗಾಲದ ಮೊದಲ ನೆರೆ ಆ ಹಗ್ಗವನ್ನು ಕಿತ್ತುಕೊಂಡು ಹೋಗುತ್ತಿತ್ತು. ಆಗ ಒಬ್ಬನು ಸೊಂಟಕ್ಕೆ ಸಣ್ಣ ಹುರಿಯನ್ನು ಕಟ್ಟಿಕೊಂಡು ಈಜಿ ಆಚೆ ದಡ ಸೇರಬೇಕು. ಹುರಿಯ ಈಚೆ ತುದಿಗೆ ಹೊಸ ಹಗ್ಗವನ್ನು ಕಟ್ಟಿದರೆ ಆಚೆಯವರು ಅದನ್ನು ಎಳೆದುಕೊಳ್ಳುತ್ತಾರೆ. ಮೊದಲು ಹಾಗೆ ಈಜುತ್ತಿದ್ದ ಅಂಬಿಗನಿಗೆ ವಯಸ್ಸಾದ ಮೇಲೆ ಊರವರು ಈ ಕೆಲಸವನ್ನು ಲಿಪಿಕಾರನಿಗೆ ಒಪ್ಪಿಸಿದ್ದರು. ಅದಕ್ಕಾಗಿಯೇ ಅವನು ವರ್ಷವಿಡೀ ಬೆಳಗ್ಗೆ ಹೊಳೆಯನ್ನು ಒಮ್ಮೆ ದಾಟಿ, ಹಿಂದಿರುಗಿ ಈಜಿ ಬಂದು, ಒದ್ದೆ ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು ಚಾವಡಿಗೆ ಹೋಗುತ್ತಿದ್ದ.

ಒಂದು ದಿನ ಅವನು ಚಾವಡಿಯ ಗಂಟೆ ಬಾರಿಸುವುದಕ್ಕೆ ಮೊದಲೇ ಬಂದು ಕುಳಿತಿದ್ದ. ಅತ್ತ ಹಾದುಹೋದ ಒಡೆಯ, "ಆಗಲೇ ಬಂದಿರಾ?" ಎಂದ. ಅಷ್ಟೇ ಮಾತು. ಲಿಪಿಕಾರನು ಅದನ್ನು ಮೆಚ್ಚುಗೆಯೆಂದು ತಿಳಿದ. ಮರುದಿನ ಇನ್ನೂ ಬೇಗ ಬಂದ. ಬಂದು ಕುಳಿತವನ ಮುಂದೆ ಓಲೆಯ ಕಟ್ಟುಗಳು ಬಂದವು. ಕಟ್ಟುಗಳು ಬಂದುದರಿಂದ ಮತ್ತಷ್ಟು ಬೇಗ ಬರಬೇಕಾಯಿತು.

ಹೊಳೆಯನ್ನು ಪೂರ್ತಿ ದಾಟುವುದು ನಿಂತಿತು. ನಡುಹೊಳೆಯ ಬಂಡೆಯನ್ನು ಮುಟ್ಟಿ ಹಿಂದಿರುಗತೊಡಗಿದ. ಕೆಲವು ದಿನಗಳ ಮೇಲೆ ದಡದಲ್ಲಿಯೇ ಒಂದು ಮುಳುಗು ಹಾಕಿ ಎದ್ದ. ಕೊನೆಗೆ ನೀರಿಗೂ ಇಳಿಯಲಿಲ್ಲ. ವಸ್ತ್ರವನ್ನು ಮಾತ್ರ ನೆನೆಸಿ ಹಿಂಡಿ ಹೆಗಲಿಗೆ ಹಾಕಿಕೊಂಡು ಹೋದ. ನೋಡಿದವರು ಏನಾದರೂ ಕೇಳಿಯಾರು ಎಂಬ ಅಂಜಿಕೆ ಅವನಿಗೆ. ಯಾರೂ ಕೇಳಲಿಲ್ಲ. ಒದ್ದೆ ವಸ್ತ್ರವನ್ನು ಕಂಡ ಊರು ನೆಮ್ಮದಿಯಿಂದಿತ್ತು.

ಮೋಡ ಕಟ್ಟಿದ ದಿನ ಅವನ ಎದೆ ಹಾರಿತು. ಬಿಟ್ಟುಹೋದ ಓಲೆಗಳನ್ನು ಒಂದೇ ದಿನ ಕುಳಿತು ಬರೆದು ಮುಗಿಸುವುದು ಅವನಿಗೆ ರೂಢಿ. ಬಿಟ್ಟುಹೋದ ಈಜನ್ನೂ ಹಾಗೆಯೇ ಮುಗಿಸಬಹುದೆಂದುಕೊಂಡು, ಆ ದಿನ ಬೆಳಗಿನಿಂದ ಸಂಜೆಯವರೆಗೆ ಹೊಳೆಯನ್ನು ಏಳು ಸಲ ದಾಟಿ ಏಳು ಸಲ ಹಿಂದಿರುಗಿದ. ಎಲ್ಲವೂ ಸರಿಹೋಯಿತೆಂದು ಸಮಾಧಾನ ಪಟ್ಟುಕೊಂಡು ಮನೆಗೆ ಹೋದ.

ಮರುದಿನ ಬೆಳಗ್ಗೆ ನೆರೆ ಬಂದು ಹಗ್ಗವನ್ನು ಕೊಂಡುಹೋಯಿತು. ಲಿಪಿಕಾರನಿಗೆ ರುಮಾಲು ಸುತ್ತಿಕೊಳ್ಳಲು ಕೈ ಮೇಲೇಳಲಿಲ್ಲ.

ಆಚೆ ದಡದಲ್ಲಿ ಯಾರಿಗಾದರೂ ಹೆರಿಗೆಯ ನೋವು ಬಂದರೆ ಅಲ್ಲಿಯ ಹೆಂಗಸರು ಕೆಂಪು ಸೀರೆಯನ್ನು ಎತ್ತಿ ಹಿಡಿಯುತ್ತಿದ್ದರು. ಸೂಲಗಿತ್ತಿಯ ಮನೆ ಈಚೆ ದಡದಲ್ಲಿತ್ತು. ಅಂದು ಮಧ್ಯಾಹ್ನ ಕೆಂಪು ಸೀರೆ ಕಾಣಿಸಿತು. ಅಂಬಿಗನ ಮಗಳನ್ನು ಆ ಊರಿಗೆ ಕೊಟ್ಟಿತ್ತು. ಅವಳಿಗೆ ದಿನ ತುಂಬಿತ್ತು. ಅಂಬಿಗನೇ ಲಿಪಿಕಾರನ ಸೊಂಟಕ್ಕೆ ಹುರಿ ಕಟ್ಟಿದ.

"ಹೋಗಿ ಬಾರಪ್ಪ. ನೀನಿದ್ದೀಯಲ್ಲ ಅಂತ ನಾನು ಗಾಬರಿ ಮಾಡ್ಕೊಂಡಿಲ್ಲ."

ನಿಜವನ್ನು ಹೇಳಲು ಲಿಪಿಕಾರನಿಗೆ ಅದೊಂದು ಗಳಿಗೆ ಸಿಕ್ಕಿತ್ತು. ಹೇಳಲಿಲ್ಲ. ನೀರಿಗೆ ಇಳಿದ. ಬಂಡೆಯವರೆಗೆ ಹೋದ. ಅಲ್ಲಿಂದ ಮುಂದೆ ತೋಳುಗಳು ಅವನ ಮಾತು ಕೇಳಲಿಲ್ಲ. ನೀರು ಕುಡಿದು ಮುಳುಗುತ್ತಿದ್ದವನನ್ನು ಅಂಬಿಗನು ಅದೇ ಹುರಿಯಿಂದ ಎಳೆದು ದಡಕ್ಕೆ ತಂದ. ಆ ನೆರೆಗೆ ಇಳಿಯುವ ಎದೆ ಮತ್ತೊಬ್ಬರಿಗಿರಲಿಲ್ಲ.

ಮೂರನೆಯ ದಿನ ನೀರು ಇಳಿದ ಮೇಲೆ ಬೇರೊಬ್ಬರು ಹಗ್ಗ ದಾಟಿಸಿದರು, ದೋಣಿ ಹೋಯಿತು. ಅಂಬಿಗನ ಮಗಳು ಬದುಕಿದ್ದಳು. ಮಗು ಬದುಕಿರಲಿಲ್ಲ.

ಅಂಬಿಗನು ಹಿಂದಿರುಗಿ ಬಂದು ಲಿಪಿಕಾರನ ಮನೆಯ ಬಾಗಿಲಲ್ಲಿ ನಿಂತ. ಬೈಯಲಿಲ್ಲ. "ನಿನ್ನ ವಸ್ತ್ರ ದಿನಾ ಒದ್ದೆ ಇರ್ತಿತ್ತಲ್ಲಪ್ಪ" ಎಂದಷ್ಟೇ ಹೇಳಿ ಹೊರಟುಹೋದ.

ಲಿಪಿಕಾರನು ನೇರವಾಗಿ ಚಾವಡಿಗೆ ಹೋಗಿ ಒಡೆಯನ ಮುಂದೆ ನಿಂತ.

"ನಿಮ್ಮ ಓಲೆಗಳು ನನ್ನ ಬೆಳಗನ್ನು ಕಸಿದುಕೊಂಡವು. ಒಂದು ಮಗು ಹೋಯಿತು" ಎಂದ.

ಒಡೆಯನು ಹೇಳಿದ:

"ಗಂಟೆಗೆ ಮೊದಲು ಬನ್ನಿ ಎಂದು ನಾನು ಒಂದು ದಿನವೂ ಹೇಳಿಕಳುಹಿಸಲಿಲ್ಲ. ನೀವು ಕುಳಿತಿರುತ್ತಿದ್ದಿರಿ, ಕುಳಿತವರ ಮುಂದೆ ಓಲೆ ಇಡಿಸಿದೆ. ಹೊಳೆಗೆ ಹಗ್ಗ ದಾಟಿಸುವವರು ನೀವೆಂದು ಇವತ್ತು ನಿಮ್ಮ ಬಾಯಿಂದಲೇ ಕೇಳುತ್ತಿದ್ದೇನೆ."

ಲಿಪಿಕಾರನು ತನ್ನ ಮಣೆಯ ಬಳಿಗೆ ಹೋಗಿ ಕುಳಿತ. ಎದುರಿಗಿದ್ದ ಓಲೆಯಲ್ಲಿ ಒಂದಕ್ಷರವನ್ನೂ ಬರೆಯಲು ಅವನಿಂದ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಾಂಭವಿಗೆ ಸಮಾಧಾನವಾಗಲಿಲ್ಲ.

"ಒಡೆಯನದೂ ತಪ್ಪಲ್ಲವೇ ಗುರುಗಳೇ? ಅಷ್ಟು ಬೇಗ ಬಂದು ಕುಳಿತವನನ್ನು ಯಾಕೆ ಬಂದೆ ಎಂದು ಅವನೂ ಕೇಳಬಹುದಾಗಿತ್ತು" ಎಂದಳು.

"ಕೇಳಬೇಕಾಗಿತ್ತು. ಆ ಕತೆಯನ್ನು ಒಡೆಯನೊಬ್ಬ ಬಂದು ಕೇಳಿದ ದಿನ ಹೇಳುತ್ತೇನೆ" ಎಂದು ಗುರುಗಳು ಅವಳ ಕಡೆ ತಿರುಗಿದರು. "ನೀನು ಈಜುವವಳೆಂದು ನಿನ್ನ ಮೇಲಧಿಕಾರಿಗೆ ಗೊತ್ತಿದೆಯೇ, ತಾಯಿ?"

ಶಾಂಭವಿ ತಲೆ ತಗ್ಗಿಸಿದಳು.

ನಾನು ಕೇಳಿದ್ದು ಇಷ್ಟು. ಬರೆಯುವಾಗ ಅಕ್ಷರ ತಪ್ಪಿದ್ದರೆ, ಮಾತು ಹೆಚ್ಚು ಕಡಿಮೆಯಾಗಿದ್ದರೆ, ಓದಿದವರು ಮನ್ನಿಸಬೇಕೆಂದು ಬೇಡಿಕೊಳ್ಳುತ್ತೇನೆ.